ಬೀದಿ, ಬಾಟಲಿ, ಬಾಡಿಗೆ ಖೋಲಿ: ಬೆಳಗಾವಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗುವವರಿಗೆ ಏನಾದರೂ ಮಾಡಬೇಕು ಅನ್ನುವವರು, ಕುಡಿತಕ್ಕೆ ಬಿದ್ದು ಮನೆ ಬಿಟ್ಟ ಅಣ್ಣನನ್ನೋ ಅಪ್ಪನನ್ನೋ ಹುಡುಕುತ್ತಿರುವವರು, ಆಶ್ರಯ ಕೇಂದ್ರದಲ್ಲಿ ರಾತ್ರಿ ಪಾಳಿ ಮಾಡುವವರು, ತಮಗೇ ಒಂದು ಸೂರು ಬೇಕಾದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಬೆಳಗಾವಿಯನ್ನು ಮುಂದಿಟ್ಟುಕೊಂಡು ಬರೆದಿದ್ದರೂ ಬಾಗಲಕೋಟೆ, ವಿಜಯಪುರಕ್ಕೂ ಬಹುಪಾಲು ಇದೇ ಅನ್ವಯಿಸುತ್ತದೆ. ಜೀವಕ್ಕೆ ಅಪಾಯವಿದ್ದರೆ ಓದುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಕುಡಿದು ಕುಡಿದು ಮನೆ ಕಳೆದುಕೊಂಡವರಲ್ಲವೇ ಇವರೆಲ್ಲ?

ಅಲ್ಲ. ಬೀದಿಯಲ್ಲಿ ಮಲಗುವವರಲ್ಲಿ ಕುಡಿಯದವರು ಬಹಳ ಮಂದಿ ಇದ್ದಾರೆ. ಕೃಷ್ಣಾ, ಮಲಪ್ರಭಾ, ಘಟಪ್ರಭಾ ಹೊಳೆಗಳಿಗೆ ನೀರು ಬಂದಾಗ ಮನೆ ಬಿದ್ದವರು, ಅಣ್ಣತಮ್ಮಂದಿರ ಪಾಲಿನಲ್ಲಿ ಮನೆ ಸಿಗದವರು, ಗೋವಾಕ್ಕೆ ದುಡಿಯಲು ಹೋಗಿ ಕೈಕಾಲು ಮುರಿದುಕೊಂಡು ವಾಪಸಾದವರು, ಕಬ್ಬಿನ ಹಂಗಾಮು ಮುಗಿದ ಮೇಲೆ ಗ್ಯಾಂಗಿನಿಂದ ಬೇರೆಯಾದವರು, ಮನಸ್ಸಿನ ಕಾಯಿಲೆ ಬಂದು ಯಾವುದೋ ರೈಲು ಹತ್ತಿ ಇಳಿದವರು, ಹೀಗೆ ಬಂದ ದಾರಿ ಬೇರೆ ಬೇರೆ.

ಕುಡಿತದಿಂದ ಮನೆ ಹೋದವರೂ ಇದ್ದಾರೆ, ನಿಜ. ಆದರೆ ಬೀದಿಗೆ ಬಂದ ಮೇಲೆ ಕುಡಿಯಲು ಕಲಿತವರು ಅವರ ಪಕ್ಕದಲ್ಲೇ ಮಲಗಿರುತ್ತಾರೆ. ಸೊಳ್ಳೆ, ಚಳಿ, ಮೈಕೈ ನೋವು, ಯಾರಾದರೂ ಒದೆಯುತ್ತಾರೇನೋ ಎಂಬ ಅಂಜಿಕೆ ಇಷ್ಟಿದ್ದಾಗ ಒಂದು ನೈಂಟಿ ಹಾಕದೆ ನಿದ್ದೆ ಬರುವುದಿಲ್ಲ. ನಿದ್ದೆಗೆಂದು ಶುರುವಾದದ್ದು ಆರು ತಿಂಗಳಲ್ಲಿ ಚಟವಾಗುತ್ತದೆ.

ಆದ್ದರಿಂದಲೇ "ಮೊದಲು ಕುಡಿಯೋದು ಬಿಡು, ಆಮೇಲೆ ಮನೆ ನೋಡೋಣ" ಎಂಬ ಮಾತು ಕೆಲಸಕ್ಕೆ ಬರುವುದಿಲ್ಲ. ಕುಡಿಯಲು ಕಾರಣವಾದ ಜಾಗದಲ್ಲೇ ಮಲಗಿಸಿ ಕುಡಿತ ಬಿಡು ಅಂದಂತಾಗುತ್ತದೆ. ಮೊದಲು ಸೂರು, ಜೊತೆಯಲ್ಲೇ ಚಿಕಿತ್ಸೆ ಎಂಬ ಕ್ರಮವನ್ನು ನ್ಯೂಯಾರ್ಕಿನಲ್ಲಿ 1992ರಲ್ಲಿ ಆರಂಭಿಸಿದರು. ಫಿನ್ಲೆಂಡ್ 2008ರಿಂದ ಅದನ್ನು ಇಡೀ ದೇಶದ ನೀತಿಯಾಗಿ ಮಾಡಿಕೊಂಡಿತು, ಅಲ್ಲಿ ವಸತಿಹೀನರ ಸಂಖ್ಯೆ ಇಳಿಯಿತು. ನಮ್ಮಲ್ಲಿ ಅಷ್ಟು ಮನೆಗಳಿಲ್ಲ, ಆದರೆ ಕ್ರಮ ಅದೇ ಇರಲಿ. ಹಾಸಿಗೆ, ಔಷಧಿ, ಕಾಗದಪತ್ರ ಈ ಮೂರೂ ಒಂದೇ ವಾರದಲ್ಲಿ ಶುರುವಾಗಬೇಕು. ಒಂದು ಮುಗಿದ ಮೇಲೆ ಇನ್ನೊಂದು ಅಂದರೆ ಮನುಷ್ಯ ನಡುವೆಯೇ ಕೈತಪ್ಪುತ್ತಾನೆ.

ರಾತ್ರಿ ಒಬ್ಬರು ಕುಡಿದು ರಸ್ತೆ ಬದಿ ಬಿದ್ದಿದ್ದಾರೆ. ಏನು ಮಾಡಲಿ?

ಹತ್ತಿರ ಹೋಗಿ "ಕಾಕಾ, ಏಳ್ರಿ" ಎಂದು ಗಟ್ಟಿಯಾಗಿ ಕರೆದು ಭುಜ ಅಲುಗಿಸಿ. ಗೊಣಗಿದರೂ ಸರಿ, ಉತ್ತರ ಬರಬೇಕು. ಬರದಿದ್ದರೆ ಎದೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಇದ್ದರೆ, ಉಸಿರಿನ ನಡುವೆ ಹತ್ತು ಸೆಕೆಂಡು ಬಿಡುವು ಬಂದರೆ, ತುಟಿ ನೀಲಿಯಾಗಿದ್ದರೆ, ಮೈ ತಣ್ಣಗಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ ತಡಮಾಡದೆ 108. ಅದು ಬರುವವರೆಗೆ ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಿಸಿ, ಬಾಯಿ ನೆಲದ ಕಡೆ ಇರುವಂತೆ ಮಾಡಿ. ಅಂಗಾತ ಮಲಗಿದವರು ತಮ್ಮ ವಾಂತಿಯಿಂದಲೇ ಉಸಿರು ಕಟ್ಟಿ ಸಾಯುತ್ತಾರೆ.

ಮುಖಕ್ಕೆ ನೀರು ಎರಚುವುದು, ನಿಂಬೆಹಣ್ಣು ಹಿಂಡುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಚಹಾ ಕುಡಿಸುವುದು ಬೇಡವೇ ಬೇಡ. ಮಳೆಗಾಲದಲ್ಲಿ ಮತ್ತು ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಒದ್ದೆ ಬಟ್ಟೆ ಬದಲಿಸಿ ಚಾದರ ಹೊದಿಸಿ, ಕೆಳಗೆ ರಟ್ಟು ಹಾಸಿ. ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಅನ್ನಿಸಿಕೆ ಮಾತ್ರ. ಚರ್ಮದ ರಕ್ತನಾಳಗಳು ಅಗಲವಾಗಿ ಒಳಗಿನ ಶಾಖ ಬೇಗ ಹೊರಹೋಗುತ್ತದೆ.

ಕಳ್ಳಭಟ್ಟಿ ಕುಡಿದವರು "ಕಣ್ಣು ಮಂಜು ಮಂಜು ಆಗ್ಯಾವ" ಅಂದರೆ ಅದನ್ನು ನಿಶೆ ಎಂದು ಬಿಡಬೇಡಿ. ಮೆಥನಾಲ್ ಸೇರಿದ್ದರೆ ಕೆಲವೇ ಗಂಟೆಗಳಲ್ಲಿ ದೃಷ್ಟಿಯೂ ಜೀವವೂ ಹೋಗಬಹುದು. ಜೊತೆಗೆ ಕುಡಿದ ಎಲ್ಲರನ್ನೂ, ಆರಾಮ ಇದ್ದೇವೆ ಅನ್ನುವವರನ್ನೂ, ಆಸ್ಪತ್ರೆಗೆ ಕರೆದೊಯ್ಯಿರಿ.

ಭಿಕ್ಷೆ ಕೇಳಿದರೆ ದುಡ್ಡು ಕೊಡಬೇಕೇ?

ಅದು ನಿಮ್ಮ ಮನಸ್ಸು. ಕೊಟ್ಟ ದುಡ್ಡಿನಲ್ಲಿ ಕುಡಿಯುತ್ತಾರೆಂಬ ಚಿಂತೆ ಇದ್ದರೆ ಇಂದಿರಾ ಕ್ಯಾಂಟೀನಿಗೆ ಕರೆದೊಯ್ಯಿರಿ. ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಆದರೆ ಚಟ ಗಟ್ಟಿಯಾದವರಿಗೆ ಒಮ್ಮೆಲೇ ಕುಡಿತ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಕೆಳಗೆ ಓದಿ, ಆಮೇಲೆ ತೀರ್ಮಾನಿಸಿ.

ನಮ್ಮ ಊರಲ್ಲಿ ರಾತ್ರಿ ಮಲಗಲು ಸರ್ಕಾರಿ ಜಾಗ ಇದೆಯೇ?

ನಗರ ವಸತಿರಹಿತರ ಆಶ್ರಯ ಕೇಂದ್ರ ಎಂದು ಕೇಳಿ. ಬೆಳಗಾವಿ, ವಿಜಯಪುರದಲ್ಲಿ ಮಹಾನಗರ ಪಾಲಿಕೆ, ಬಾಗಲಕೋಟೆಯಲ್ಲಿ ನಗರಸಭೆ ಇದರ ಹೊಣೆ ಹೊತ್ತಿರುತ್ತದೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಒಂದು ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕು, ಅದು ವರ್ಷವಿಡೀ ಹಗಲು ರಾತ್ರಿ ತೆರೆದಿರಬೇಕು, ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಸಿಗಬೇಕು. 2011ರ ಜನಗಣತಿಯಲ್ಲಿ ಬೆಳಗಾವಿ ಪಾಲಿಕೆಯ ಜನಸಂಖ್ಯೆ ಸುಮಾರು 4.9 ಲಕ್ಷ, ವಿಜಯಪುರದ್ದು 3.3 ಲಕ್ಷ, ಬಾಗಲಕೋಟೆಯದು 1.1 ಲಕ್ಷ. ಈ ಅಳತೆ ಹಿಡಿದರೆ ಕ್ರಮವಾಗಿ ಐದು, ಮೂರು, ಒಂದು ಕೇಂದ್ರ ಬೇಕು. ನಿಮ್ಮ ಊರಲ್ಲಿ ಎಷ್ಟಿವೆ ಎಂದು ಪಾಲಿಕೆಗೆ ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ. ಅಭಿಯಾನದ ಅವಧಿ 2024ರ ಸೆಪ್ಟೆಂಬರ್‌ಗೆ ಮುಗಿಯಿತು ಎಂಬ ಉತ್ತರ ಬಂದರೆ ಸುಮ್ಮನಾಗಬೇಡಿ. ಪ್ರತಿ ನಗರದಲ್ಲಿ ಆಶ್ರಯ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಿಂದಲೇ ಹೇಳುತ್ತ ಬಂದಿದೆ, ಯೋಜನೆ ಮುಗಿದರೆ ಆ ಹೊಣೆ ಮುಗಿಯುವುದಿಲ್ಲ.

ಕೇಂದ್ರ ಇದ್ದೂ ಖಾಲಿ ಇರುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಇವೇ. ಕೂಲಿಕಾರರು ಬೆಳಿಗ್ಗೆ ನಿಲ್ಲುವ ನಾಕಾದಿಂದ ದೂರ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುತ್ತಾರೆ, ಹಮಾಲಿ ಕೆಲಸದವರು ಬರುವುದೇ ಹತ್ತೂವರೆಗೆ. ಆಧಾರ್ ಇಲ್ಲದವರನ್ನು ತಿರುಗಿ ಕಳಿಸುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಕೀಲಿ ಹಾಕುವ ಪೆಟ್ಟಿಗೆ ಇರುವುದಿಲ್ಲ. ಗೌಂಡಿ ಕೆಲಸದವನಿಗೆ ತನ್ನ ಕರಣಿ, ರಂದಾ, ತೂಕದ ಗುಂಡು ಇರುವ ಚೀಲವೇ ಆಸ್ತಿ. ಅದು ಒಮ್ಮೆ ಕಳುವಾದರೆ ಮತ್ತೆ ಆ ಕಡೆ ಕಾಲಿಡುವುದಿಲ್ಲ. ದಾನ ಕೊಡುವವರು ಚಾದರದ ಬದಲು ಒಂದು ಕಬ್ಬಿಣದ ಲಾಕರ್ ಕೊಡಿಸಿದರೆ ಅದರ ಉಪಯೋಗ ಹೆಚ್ಚು.

ಕೇಂದ್ರಕ್ಕೆ ಬನ್ನಿ ಅಂದರೆ "ವ್ಯಾನಿನ್ಯಾಗ ಹಾಕ್ಕೊಂಡು ಹೋಗ್ತಾರ" ಎಂದು ಓಡುತ್ತಾರೆ. ಯಾಕೆ?

ಎರಡು ಬೇರೆ ಜಾಗಗಳನ್ನು ಒಂದೇ ಎಂದು ತಿಳಿದಿರುತ್ತಾರೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ಭಿಕ್ಷೆ ಬೇಡುವವರನ್ನು ಹಿಡಿದು ಇಡುವುದು ನಿರಾಶ್ರಿತರ ಪರಿಹಾರ ಕೇಂದ್ರ, ಅಲ್ಲಿಂದ ತಾವಾಗಿ ಹೊರಬರಲು ಆಗುವುದಿಲ್ಲ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಕರ ಎಂದು ವಸೂಲಾಗುವ ಹಣ ಅದಕ್ಕೆ ಹೋಗುತ್ತದೆ. ಆಶ್ರಯ ಕೇಂದ್ರಕ್ಕೆ ಸ್ವಇಚ್ಛೆಯಿಂದ ಬರಬಹುದು, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬಹುದು. ಈ ಭಯ ಮಾತಿನಿಂದ ಹೋಗುವುದಿಲ್ಲ. ಈಗಾಗಲೇ ಅಲ್ಲಿ ಇರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಮೊದಲ ದಿನ ಬರೀ ಜಾಗ ತೋರಿಸಿ ಕಳಿಸಿ. ವಾಹನ ಬೇಡ, ನಡೆದುಕೊಂಡೇ ಹೋಗಿ.

ಕುಡಿದು ಬಂದವರನ್ನು ಆಶ್ರಯ ಕೇಂದ್ರದೊಳಗೆ ಬಿಡಬೇಕೇ?

ಬಿಡಬೇಕು. ಬಾಟಲಿ ಒಳಗೆ ಬರಬಾರದು, ಮನುಷ್ಯ ಬರಬಹುದು. ಬಾಯಿ ವಾಸನೆ ನೋಡಿ ಬಾಗಿಲು ಹಾಕುವ ಕೇಂದ್ರ ಅತ್ಯಂತ ಅಪಾಯದಲ್ಲಿರುವವರನ್ನೇ ಹೊರಗೆ ಮಲಗಿಸುತ್ತದೆ. ನಿಯಮ ನಡತೆಯ ಮೇಲೆ ಇರಲಿ: ಹೊಡೆದಾಟ, ಬೈಗುಳ, ಕಳವು, ಹೆಣ್ಣುಮಕ್ಕಳ ಕಡೆ ಹೋಗುವುದು ನಡೆಯುವುದಿಲ್ಲ. ಬಾಗಿಲ ಹತ್ತಿರ, ಕಾವಲುಗಾರರ ಕಣ್ಣಿಗೆ ಬೀಳುವಂತೆ ಮೂರ್ನಾಲ್ಕು ಹಾಸಿಗೆ ಕುಡಿದು ಬಂದವರಿಗೆಂದೇ ಇಡಿ. ಮಂಚ ಬೇಡ, ನೆಲದ ಮೇಲಿನ ಗಾದಿ ಸಾಕು. ಬೀಳುವ ಭಯ ಇರುವುದಿಲ್ಲ.

ಒಂದೇ ಸಲ ಕುಡಿತ ನಿಲ್ಲಿಸಿಬಿಟ್ಟರೆ ಒಳ್ಳೆಯದಲ್ಲವೇ? ಖೋಲಿಯಲ್ಲಿ ಕೂಡಿಹಾಕಿದರೆ ಎರಡು ದಿನದಲ್ಲಿ ಸರಿಹೋಗುತ್ತಾನೆ ಅಂತಾರೆ.

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಸಾಯಬಹುದು. ಗಾಂಜಾ ಬಿಟ್ಟರೆ ಹೀಗಾಗುವುದಿಲ್ಲ, ತಂಬಾಕು ಬಿಟ್ಟರೂ ಇಲ್ಲ. ಮದ್ಯ ಬಿಟ್ಟರೆ ಆಗುತ್ತದೆ.

ಮೊದಲು ಪ್ರಮಾಣ ತಿಳಿಯಿರಿ. 42.8 ಶೇಕಡಾ ಮದ್ಯಸಾರವಿರುವ ಒಂದು ಕ್ವಾರ್ಟರ್, ಅಂದರೆ 180 ಮಿಲಿಲೀಟರ್, ಕುಡಿದರೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಹೊಟ್ಟೆಗೆ ಹೋಗುತ್ತದೆ. ದಿನಕ್ಕೆ ಎರಡು ಕ್ವಾರ್ಟರ್ ವರ್ಷಗಟ್ಟಲೆ ಕುಡಿದವರ ಮಿದುಳು ಅದಕ್ಕೆ ತಕ್ಕಂತೆ ಹೊಂದಿಕೊಂಡಿರುತ್ತದೆ. ಮದ್ಯ ನರಗಳನ್ನು ಅದುಮಿ ಹಿಡಿಯುತ್ತದೆ, ಮಿದುಳು ಎದುರಿಗೆ ಒತ್ತುತ್ತಿರುತ್ತದೆ. ಅದುಮಿದ ಕೈ ಒಮ್ಮೆಲೇ ತೆಗೆದರೆ ಒತ್ತಡವೆಲ್ಲ ಮೇಲಕ್ಕೆ ಚಿಮ್ಮುತ್ತದೆ.

ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು. ಚಹಾದ ಕಪ್ಪು ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತಿದ್ದರೆ ಅದು ಶುರುವಾಗಿದೆ. ಆರರಿಂದ ನಲವತ್ತೆಂಟು ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು: ಜ್ವರ, ಊರು ದಿನ ತಿಳಿಯದಿರುವುದು, ಗೋಡೆಯ ಮೇಲೆ ಹುಳ ಹರಿದಾಡುವಂತೆ ಕಾಣುವುದು, ಇಲ್ಲದವರ ಜೊತೆ ಮಾತು. ಮನೆಯವರು ಇದನ್ನು ಗಾಳಿ ಸೋಕಿದೆ ಎಂದು ತಿಳಿದು ತಾಯತ ಕಟ್ಟಿಸಲು ಹೋಗುವುದುಂಟು. ದೇವರ ಹರಕೆ ಆಮೇಲೂ ತೀರಿಸಬಹುದು, ಈ ಹೊತ್ತಿಗೆ ತುರ್ತು ಚಿಕಿತ್ಸೆ ಬೇಕು. ಇಂಥ ಸ್ಥಿತಿಯಲ್ಲಿ ಕೂಡಿಹಾಕಿದರೆ ಸಾವು ಬಾಗಿಲ ಹಿಂದೆ ಆಗುತ್ತದೆ.

ಆಸ್ಪತ್ರೆಯಲ್ಲಿ ಡಯಾಜೆಪಾಮ್, ಕ್ಲೋರ್ಡಯಾಜೆಪಾಕ್ಸೈಡ್, ಲೋರಾಜೆಪಾಮ್ ಜಾತಿಯ ಔಷಧಿ ಕೊಟ್ಟು ಐದರಿಂದ ಏಳು ದಿನಗಳಲ್ಲಿ ಅದರ ಪ್ರಮಾಣ ಇಳಿಸುತ್ತ ಬರುತ್ತಾರೆ. ಇದನ್ನು ಅಂಗಡಿಯಿಂದ ತಂದು ನೀವೇ ನುಂಗಿಸಬೇಡಿ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ತಪ್ಪು ನಮ್ಮ ಕಡೆ ಬಹಳ ನಡೆಯುತ್ತದೆ. ನಿಶ್ಶಕ್ತಿ ಎಂದು ಹತ್ತಿರದ ದವಾಖಾನೆಗೆ ಹೋಗಿ ಗ್ಲೂಕೋಸ್ ಸಲೈನ್ ಹಚ್ಚಿಸುತ್ತಾರೆ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಕಣ್ಣುಗುಡ್ಡೆ ತಿರುಗದಂತಾಗುತ್ತದೆ, ನಡಿಗೆ ತೂರಾಡುತ್ತದೆ, ನೆನಪು ಶಾಶ್ವತವಾಗಿ ಹೋಗಬಹುದು. "ಡಾಕ್ಟರ್ರೇ, ಇವರು ದಿನಾ ಕುಡಿಯೋರು, ಥಯಾಮಿನ್ ಇಂಜೆಕ್ಷನ್ ಮೊದಲು ಕೊಡ್ರಿ" ಎಂದು ಬಾಯಿಬಿಟ್ಟು ಹೇಳಿ. ಕುಡಿತವನ್ನು ಡಾಕ್ಟರ ಮುಂದೆ ಮುಚ್ಚಿಡುವುದರಿಂದಲೇ ಅನಾಹುತಗಳಾಗುವುದು.

ಆಶ್ರಯ ಕೇಂದ್ರದವರು ಮೊದಲ ಮೂರು ರಾತ್ರಿ ಎರಡು ತಾಸಿಗೊಮ್ಮೆ ಎದ್ದು ನೋಡಬೇಕು. ನಡುಕ, ಬೆವರು, ಮಾತಿನ ಸ್ಪಷ್ಟತೆ ಈ ಮೂರನ್ನು ಒಂದು ವಹಿಯಲ್ಲಿ ಗಂಟೆ ಸಮೇತ ಬರೆಯಿರಿ. ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ಆ ಹಾಳೆಯೇ ಅರ್ಧ ತಪಾಸಣೆ. ಹಿಂದೆ ಒಮ್ಮೆ ಫಿಟ್ಸ್ ಬಂದಿದ್ದವರನ್ನು ಕೇಂದ್ರದಲ್ಲಿ ಇಟ್ಟುಕೊಂಡು ನೋಡುವ ಧೈರ್ಯ ಮಾಡಬೇಡಿ, ನೇರವಾಗಿ ದಾಖಲಿಸಿ.

ಚಿಕಿತ್ಸೆಗೆ ಎಲ್ಲಿಗೆ ಕರೆದೊಯ್ಯಬೇಕು? ದುಡ್ಡಿಲ್ಲ.

ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್‌ಗೆ ಸೇರಿದ ಜಿಲ್ಲಾಸ್ಪತ್ರೆ, ಬಾಗಲಕೋಟೆ ಮತ್ತು ವಿಜಯಪುರದಲ್ಲಿ ಆಯಾ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ. ಕಷ್ಟದ ಪ್ರಕರಣಗಳಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್, ಬೆಳಗಾವಿಯಿಂದ ಸುಮಾರು 80 ಕಿಲೋಮೀಟರ್. ತಾಲ್ಲೂಕಿನಲ್ಲಿದ್ದರೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೋಗುವ ಮೊದಲು ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಬಡತನ ರೇಖೆಗಿಂತ ಕೆಳಗಿನವರಿಗೆ ಕಾರ್ಡು ಇರಲಿ ಬಿಡಲಿ, ಮನೆಯಿಲ್ಲದವರಿಗೆ, ನಿರ್ಗತಿಕರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಪೂರ್ತಿ ಉಚಿತ ಎಂದು ಅದರ 18ನೇ ಕಲಂ ಹೇಳುತ್ತದೆ. ಕೌಂಟರಿನಲ್ಲಿ ಬಿಪಿಎಲ್ ಕಾರ್ಡು ಕೇಳಿದರೆ ಈ ಕಲಂ ಹೆಸರಿಸಿ, ವಿನಯದಿಂದಲೇ.

ಫೋನಿನಲ್ಲಿ ಸಲಹೆಗೆ ವ್ಯಸನಮುಕ್ತಿ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಉಚಿತ. ಗಾಂಜಾದಂಥ ಮಾದಕ ವಸ್ತುಗಳ ಚಟವಿರುವವರು ಚಿಕಿತ್ಸೆಗೆ ಬಂದರೆ ಪೊಲೀಸರು ಹಿಡಿಯುತ್ತಾರೆಂದು ಅಂಜುತ್ತಾರೆ. ಸಣ್ಣ ಪ್ರಮಾಣದ ಪ್ರಕರಣವಿದ್ದು, ತಾವಾಗಿ ಸರ್ಕಾರಿ ಅಥವಾ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗಳಿಗೆ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಮ್ಮ ಕಡೆಯೂ ನಡೆಯುತ್ತವೆ. ಜೊತೆಗಾರರು, ಶಿಸ್ತು, ಮನೆಯವರ ಭಾಗವಹಿಸುವಿಕೆ ಅವುಗಳ ಬಲ. ನಡುಕ, ಫಿಟ್ಸ್ ಇತಿಹಾಸ ಇರುವವರು ಮೊದಲು ಆಸ್ಪತ್ರೆಗೆ ಹೋಗಿ ಔಷಧಿಯಿಂದ ಆ ಅಪಾಯದ ದಿನಗಳನ್ನು ದಾಟಿ ಆಮೇಲೆ ಶಿಬಿರಕ್ಕೆ ಕೂರಲಿ.

ಗೊತ್ತಾಗದಂತೆ ಸಾರಿನಲ್ಲಿ ಗುಳಿಗೆ ಕಲಸಿಕೊಟ್ಟರೆ ಬಿಡ್ತಾರಂತೆ?

ಹಾಗೆ ಮಾಡಬೇಡಿ. ಆ ಗುಳಿಗೆ ಬಹುತೇಕ ಡೈಸಲ್ಫಿರಾಮ್ ಆಗಿರುತ್ತದೆ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದವರು ಸತ್ತೇಹೋಗಬಹುದು. ಗುಳಿಗೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಉಳಿಯುತ್ತದೆ. ತಿಳಿದು, ಒಪ್ಪಿ, ಡಾಕ್ಟರ ಕೈಕೆಳಗೆ ನುಂಗುವವರಿಗೆ ಅದು ಒಳ್ಳೆಯ ಔಷಧಿ. ಬೀದಿಯಲ್ಲಿರುವವರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ದಿನಾ ನುಂಗಿಸಿ ಕಣ್ಣಿಟ್ಟು ನೋಡುವವರು ಇರುವುದಿಲ್ಲವಲ್ಲ. ಕುಡಿಯುವ ಸೆಳೆತ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಬಗ್ಗೆ ಡಾಕ್ಟರನ್ನು ಕೇಳಿ.

ಖಾಸಗಿ ವ್ಯಸನಮುಕ್ತಿ ಕೇಂದ್ರ ನಂಬಬಹುದೇ?

ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ ನೋಡಿ. ಮನೋವೈದ್ಯರು ಯಾವ ದಿನ, ಎಷ್ಟು ಗಂಟೆಗೆ ಬರುತ್ತಾರೆ ಕೇಳಿ. ಒಳಗೆ ಅಡುಗೆಮನೆ, ಶೌಚಾಲಯ, ಮಲಗುವ ಜಾಗ ನೋಡಲು ಬಿಡದಿದ್ದರೆ, ಮೊದಲ ತಿಂಗಳು ಫೋನಿನಲ್ಲೂ ಮಾತಾಡಬಾರದು ಅಂದರೆ, ಮೂರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿ ಅಂದರೆ ವಾಪಸ್ ಬನ್ನಿ. ರಾತ್ರೋರಾತ್ರಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುವ ಸೇವೆ ಕಾನೂನುಬಾಹಿರ. ಕೇಂದ್ರ ಸರ್ಕಾರದ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ, 15 ಅಥವಾ 30 ಹಾಸಿಗೆಗಳ ಪುನರ್ವಸತಿ ಕೇಂದ್ರಗಳು ಉಚಿತ. ನಿಮಗೆ ಹತ್ತಿರದ್ದು ಯಾವುದೆಂದು 14446ರಲ್ಲಿ ಕೇಳಿ.

ರೈಲ್ವೆ ಸ್ಟೇಷನ್ ಹತ್ತಿರ ಮಕ್ಕಳು ಸೊಲ್ಯೂಷನ್, ಅಂದರೆ ಪಂಕ್ಚರ್ ಹಾಕುವ ಅಂಟು, ಬಟ್ಟೆಗೆ ಹಚ್ಚಿ ಮೂಸುತ್ತಾರೆ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಬಟ್ಟೆ ಕಸಿದುಕೊಂಡು ಬೆನ್ನಟ್ಟಬೇಡಿ. ಮೂಸಿದ ಕೂಡಲೇ ಹೆದರಿ ಓಡಿದರೆ ಹೃದಯದ ಬಡಿತ ಹದತಪ್ಪಿ ಮಗು ಅಲ್ಲೇ ಕುಸಿಯಬಹುದು. ಕೂರಿಸಿ, ಗಾಳಿ ಬರಲಿ, ಮೆಲ್ಲಗೆ ಮಾತಾಡಿಸಿ. ಮಕ್ಕಳಿಗೆ ಮತ್ತಿನ ವಸ್ತು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ ಎಂಬುದನ್ನು ಪಕ್ಕದ ಅಂಗಡಿಯವರಿಗೆ ತಿಳಿಸಿ.

ಕುಡಿದಿಲ್ಲ, ಆದರೆ ತನ್ನಷ್ಟಕ್ಕೆ ಮಾತಾಡುತ್ತ ಅಲೆಯುತ್ತಾರೆ. ಯಾವ ಊರಿನವರೋ ತಿಳಿಯದು.

112ಕ್ಕೆ ಅಥವಾ ಠಾಣೆಗೆ ತಿಳಿಸಿ. ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವುದು ಠಾಣಾಧಿಕಾರಿಯ ಕರ್ತವ್ಯ, 2017ರ ಕಾಯ್ದೆಯ 100ನೇ ಕಲಂ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆ ಪತ್ತೆಯಾಗದಿದ್ದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಹುಡುಕಬೇಕು. ನೀವು ಮಾಡಬಹುದಾದ ದೊಡ್ಡ ಸಹಾಯ ಅವರ ಭಾಷೆ ಗುರುತಿಸುವುದು. ಬೆಳಗಾವಿಯಲ್ಲಿ ಇಳಿಯುವವರು ಕನ್ನಡ, ಮರಾಠಿ, ಕೊಂಕಣಿ, ಹಿಂದಿ, ತೆಲುಗು ಯಾವುದನ್ನಾದರೂ ಆಡುತ್ತಿರಬಹುದು. ತಮ್ಮ ಊರಿನ ದೇವರ ಹೆಸರು, ಸಂತೆಯ ವಾರ ಹೇಳಿದರೂ ಊರು ಸಿಕ್ಕಿದ್ದುಂಟು.

ಒಂದೂ ಕಾಗದವಿಲ್ಲ. ಯಾವುದರಿಂದ ಶುರು ಮಾಡಬೇಕು?

ಆಧಾರ್‌ನಿಂದ. ಮೊದಲು ಕೇಳಬೇಕಾದ ಪ್ರಶ್ನೆ: ಹಿಂದೆ ಎಂದಾದರೂ ಬೆರಳು ಕೊಟ್ಟಿದ್ದೀರಾ? ಕೊಟ್ಟಿದ್ದರೆ ಹೊಸ ನೋಂದಣಿ ಮಾಡಿಸಬೇಡಿ, ಅದು ಒಬ್ಬರದೇ ಎರಡನೇ ನೋಂದಣಿ ಎಂದು ತಿರಸ್ಕಾರವಾಗಿ ವಾರಗಟ್ಟಲೆ ಹಾಳಾಗುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚಿನಿಂದ ಹಳೆಯದನ್ನೇ ತೆಗೆಸಿ. ಸಿಮೆಂಟ್ ಕೆಲಸ ಮಾಡಿದವರ ಬೆರಳ ಗೆರೆ ಸವೆದಿರುತ್ತವೆ, ಯಂತ್ರ ಹಿಡಿಯುವುದಿಲ್ಲ. ಆಗ ಕಣ್ಣಿನ ಪಾಪೆ ತೆಗೆಯಿರಿ ಎಂದು ಕೇಳಿ. ವಿಳಾಸಕ್ಕೆ ಆಶ್ರಯ ಕೇಂದ್ರದ ಮುಖ್ಯಸ್ಥರು ಆಧಾರ್ ಪ್ರಾಧಿಕಾರದ ನಮೂನೆಯಲ್ಲೇ ಪ್ರಮಾಣಪತ್ರ ಕೊಡಬಹುದು. ಲೆಟರ್‌ಹೆಡ್ಡಿನಲ್ಲಿ ತಮಗೆ ತೋಚಿದಂತೆ ಬರೆದುಕೊಟ್ಟರೆ ನಡೆಯುವುದಿಲ್ಲ.

ಮತದಾರರ ಪಟ್ಟಿಗೆ ವಿಳಾಸದ ದಾಖಲೆಯೇ ಬೇಡ. ಮಲಗುವ ಜಾಗವನ್ನು ನಮೂನೆ 6ರಲ್ಲಿ ಬರೆದರೆ, ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು ನೋಡಿ ಖಚಿತಪಡಿಸಬೇಕು. ಇದು ಅನೇಕ ಸಿಬ್ಬಂದಿಗೇ ತಿಳಿದಿಲ್ಲ.

ರೇಷನ್ ವಿಷಯದಲ್ಲಿ ಎಚ್ಚರ. ಊರಿನ ಮನೆಯ ಕಾರ್ಡಿನಲ್ಲಿ ಹೆಸರಿದ್ದರೆ ಅದನ್ನು ತೆಗೆಸಲು ಅವಸರ ಮಾಡಬೇಡಿ. ಹೊಸ ಕಾರ್ಡಿನ ಅರ್ಜಿ ಎಲ್ಲ ಕಾಲದಲ್ಲೂ ತೆರೆದಿರುವುದಿಲ್ಲ, ಅತ್ತ ಹೆಸರು ಹೋಗಿ ಇತ್ತ ಕಾರ್ಡು ಇಲ್ಲದಂತಾಗುತ್ತದೆ. ಕಟ್ಟಡ ಕೆಲಸದವರು 18ರಿಂದ 60 ವಯಸ್ಸಿನವರಾಗಿದ್ದು ಹಿಂದಿನ ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾಡಿಸಿ. ಎಲ್ಲ ಕಾಗದಗಳ ಫೋಟೊ ತೆಗೆದು ಕೇಂದ್ರದ ಫೋನಿನಲ್ಲೂ ಇಡಿ, ಮೂಲ ಪ್ರತಿಗಳನ್ನು ಕೀಲಿ ಪೆಟ್ಟಿಗೆಯಲ್ಲಿಡಿ. ಜೇಬಿನಲ್ಲಿಟ್ಟರೆ ಮೊದಲ ಮಳೆಗೆ ಹೋಯಿತೆಂದೇ ತಿಳಿಯಿರಿ.

ಸರ್ಕಾರಿ ಮನೆ ಸಿಗುತ್ತದೆಯೇ?

ನಿಜ ಹೇಳಬೇಕು: ಬೀದಿಯಲ್ಲಿರುವ ಒಂಟಿ ಗಂಡಸಿಗೆ ಬೇಗ ಸಿಗುವುದಿಲ್ಲ. ಹೆಚ್ಚಿನ ಯೋಜನೆಗಳು ಸ್ವಂತ ನಿವೇಶನ ಇರುವವರಿಗೆ ಕಟ್ಟಲು ಹಣ ಕೊಡುತ್ತವೆ. ಉತಾರ, ಅಂದರೆ ಜಾಗದ ಹಕ್ಕಿನ ದಾಖಲೆ, ಯಾರ ಹೆಸರಿನಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ನಗರ 2.0ರಲ್ಲಿ ವರ್ಷಕ್ಕೆ 3 ಲಕ್ಷದವರೆಗಿನ ಆದಾಯದವರು ಆರ್ಥಿಕವಾಗಿ ದುರ್ಬಲ ವರ್ಗ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಬೇರೆ ಯೋಜನೆಯಲ್ಲಿ ಮನೆ ಪಡೆದಿರಬಾರದು. ಸ್ವಂತ ಜಾಗದಲ್ಲಿ ಕಟ್ಟಲು ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ ಪಾಲು ಬೇರೆ. ರಾಜ್ಯದ ವಸತಿ ಯೋಜನೆಗಳನ್ನು ರಾಜೀವ್ ಗಾಂಧಿ ವಸತಿ ನಿಗಮ ನೋಡಿಕೊಳ್ಳುತ್ತದೆ. ನಗರದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಹಳ್ಳಿಯಲ್ಲಿ ಗ್ರಾಮಸಭೆ ಫಲಾನುಭವಿಗಳನ್ನು ಆಯ್ಕೆ ಮಾಡುತ್ತದೆ.

ಹಣ ಒಟ್ಟಿಗೆ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಹೀಗೆ ಪ್ರತಿ ಹಂತದಲ್ಲೂ ಜಾಗದ ಗುರುತು ಸಮೇತ ಫೋಟೊ ಏರಿದ ಮೇಲೆ ಕಂತು ಬರುತ್ತದೆ. ಅಂದರೆ ತಳಪಾಯದ ಖರ್ಚು ಮೊದಲು ನಿಮ್ಮ ಕೈಯಿಂದಲೇ ಹೋಗಬೇಕು. ಕೈಗಡ ತಂದು ತಳಪಾಯ ಹಾಕಿ, ಕಂತು ಬಡ್ಡಿಗೇ ಹೋಗಿ, ಲಿಂಟಲ್ ಮಟ್ಟದಲ್ಲಿ ನಿಂತ ಗೋಡೆಗಳು ಪ್ರತಿ ಊರಲ್ಲೂ ಕಾಣುತ್ತವೆ. ಯೋಜನೆ ಒಪ್ಪುವ ಅಳತೆಯಲ್ಲೇ ಆದಷ್ಟು ಸಣ್ಣದಾಗಿ ಶುರು ಮಾಡಿ. ಪತ್ರಾ ಹೊದಿಸಿಯಾದರೂ ಒಳಗೆ ಮಲಗುವಂತಾದರೆ ಬಾಡಿಗೆ ಉಳಿಯುತ್ತದೆ. ಆದರೆ ಮಂಜೂರಾತಿಯಲ್ಲಿ ಆರ್‌ಸಿಸಿ ಛಾವಣಿ ಎಂದಿದ್ದರೆ ಎಂಜಿನಿಯರನ್ನು ಕೇಳದೆ ಬದಲಿಸಬೇಡಿ, ಕೊನೆಯ ಕಂತು ನಿಲ್ಲುತ್ತದೆ.

2019ರ ಪ್ರವಾಹದಲ್ಲಿ ಮನೆ ಬಿತ್ತು. ಪರಿಹಾರ ಅಣ್ಣನಿಗೆ ಬಂತು, ನಮಗಿಲ್ಲ.

ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕಂತುಗಳಲ್ಲಿ ಘೋಷಣೆಯಾಯಿತು. ಒಂದೇ ಉತಾರದ ಮೇಲೆ ಮೂರು ಒಲೆ ಉರಿಯುತ್ತಿದ್ದ ಕೂಡುಮನೆಗಳು ಲೆಕ್ಕದಲ್ಲಿ ಒಂದೇ ಮನೆಯಾದವು. ಅಜ್ಜನ ಹೆಸರಿನಲ್ಲೇ ಉಳಿದ ಜಾಗವಿದ್ದರೆ ಈಗಲಾದರೂ ವಾರಸಾ ಮಾಡಿಸಿ ಪಾಲು ಬೇರೆ ಮಾಡಿಕೊಳ್ಳಿ. ಮುಂದಿನ ಹೊಳೆ ಬರುವ ಮೊದಲೇ ಆಗಬೇಕಾದ ಕೆಲಸ ಇದು. ತಕರಾರಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಹಾಗಾದರೆ ಬೀದಿಯಿಂದ ಎದ್ದವರು ಮೊದಲು ಎಲ್ಲಿಗೆ ಹೋಗಬೇಕು?

ಬಾಡಿಗೆ ಖೋಲಿಗೆ. ಲೆಕ್ಕ ಹಾಕೋಣ. ದಿನಕ್ಕೆ 500 ರೂಪಾಯಿ ಕೂಲಿ, ತಿಂಗಳಿಗೆ 18 ದಿನ ಕೆಲಸ ಅಂದುಕೊಳ್ಳಿ. ಮಳೆಗಾಲದಲ್ಲಿ ಅದೂ ಸಿಗುವುದಿಲ್ಲ. 9,000 ಬಂತು. ದಿನಕ್ಕೆ 150 ಕುಡಿತಕ್ಕೆ ಹೋದರೆ ತಿಂಗಳಿಗೆ 4,500. ಉಳಿದ ಅರ್ಧದಲ್ಲಿ ಊಟ, ಬಾಡಿಗೆ ಎರಡೂ ಆಗುವುದಿಲ್ಲ. ಕುಡಿತ ಪೂರ್ತಿ ಬಿಡದಿದ್ದರೂ ಅರ್ಧಕ್ಕೆ ಇಳಿದರೆ 2,250 ಉಳಿಯಿತು. 3,000 ಬಾಡಿಗೆಯ ಖೋಲಿಯನ್ನು ಇಬ್ಬರು ಹಂಚಿಕೊಂಡರೆ ತಲಾ 1,500. ಅಂದರೆ ಪೂರ್ತಿ ಬಿಡುವ ಮೊದಲೇ ಸೂರು ಸಾಧ್ಯ.

ಅಡ್ಡಿಯಾಗುವುದು ಮುಂಗಡ. ಹತ್ತು ತಿಂಗಳ ಬಾಡಿಗೆ ಕೇಳಿದರೆ 30,000 ಎಲ್ಲಿಂದ ತರಬೇಕು? ಸಹಾಯ ಮಾಡಬೇಕೆನ್ನುವ ಸಂಘಗಳು, ಮಠಗಳು, ಜಮಾತ್‌ಗಳು ಇಲ್ಲೇ ಕೈ ಹಚ್ಚಬೇಕು. ಮುಂಗಡವನ್ನು ನೇರವಾಗಿ ಮಾಲೀಕರ ಖಾತೆಗೆ ಹಾಕಿ, ಕರಾರಿನಲ್ಲಿ "ಮುಂಗಡ ಇಂಥ ಸಂಘಕ್ಕೆ ಹಿಂದಿರುಗಿಸತಕ್ಕದ್ದು" ಎಂದು ಬರೆಸಿ. ಖೋಲಿ ಬಿಟ್ಟಾಗ ಅದೇ ದುಡ್ಡು ಇನ್ನೊಬ್ಬರಿಗೆ ಆಗುತ್ತದೆ. ಹನ್ನೊಂದು ತಿಂಗಳ ಕರಾರು, ಪ್ರತಿ ತಿಂಗಳ ರಶೀದಿ ಇರಲಿ. ಕರಾರು ಇದ್ದರೆ ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ. ಇನ್ನೊಂದು ಮಾತು, ಒಟ್ಟಿಗೆ ಕುಡಿಯುತ್ತಿದ್ದ ಇಬ್ಬರನ್ನು ಒಂದೇ ಖೋಲಿಗೆ ಹಾಕಬೇಡಿ.

ಊರ ಹೊರಗಿನ ಅಗ್ಗದ ಮನೆ ನೋಡಿ ಮೋಸಹೋಗಬೇಡಿ. ನಾಕಾಕ್ಕೆ ಬೆಳಿಗ್ಗೆ ಏಳಕ್ಕೆ ಮುಟ್ಟದಿದ್ದರೆ ಅಂದಿನ ಕೂಲಿ ಹೋಯಿತು. ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿಯೇ ಖೋಲಿ ಹಿಡಿಯಿರಿ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ್ದರಿಂದ ಅವರಿಗೆ ಸ್ವಲ್ಪ ದೂರವೂ ನಡೆಯುತ್ತದೆ.

ಹೆಣ್ಣುಮಕ್ಕಳಿಗೆ ಬೇರೆ ವ್ಯವಸ್ಥೆ ಇದೆಯೇ?

ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಜಿಲ್ಲೆಯ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯ, ಚಿಕಿತ್ಸೆ, ಕಾನೂನು ನೆರವು ಒಂದೇ ಕಡೆ ಸಿಗುತ್ತವೆ, ಹೆಚ್ಚು ದಿನ ಇರಬೇಕಾದರೆ ಶಕ್ತಿ ಸದನ ಎಂಬ ಮಹಿಳಾ ಆಶ್ರಯ. ಕುಡಿಯುವ ಹೆಂಗಸರನ್ನು ಆಸ್ಪತ್ರೆಯಲ್ಲೂ ಹೀನಾಯವಾಗಿ ನೋಡುತ್ತಾರೆ, ಆದ್ದರಿಂದ ಅವರು ಬರುವುದೇ ತಡ. ಜೊತೆಗೆ ಒಬ್ಬ ಹೆಣ್ಣುಮಗಳು ಹೋಗಲೇಬೇಕು. ಸವದತ್ತಿ ಸೀಮೆಯಲ್ಲಿ, ಬಾಗಲಕೋಟೆ, ವಿಜಯಪುರದಲ್ಲಿ ವಯಸ್ಸಾದ ಮಾಜಿ ದೇವದಾಸಿ ತಾಯಂದಿರು ಮನೆಯಿಲ್ಲದೆ ಗುಡಿಯ ಪೌಳಿಯಲ್ಲಿ ದಿನ ದೂಡುತ್ತಿದ್ದರೆ, ವಿಶೇಷ ವರ್ಗದವರಿಗಿರುವ ದೇವರಾಜ ಅರಸು ವಸತಿ ಯೋಜನೆಯಲ್ಲಿ ಅರ್ಜಿ ಹಾಕಿಸಿ.

ಖೋಲಿಯೂ ಆಯಿತು, ಕೆಲಸವೂ ಸಿಕ್ಕಿತು. ಮೂರು ತಿಂಗಳಿಗೆ ಮತ್ತೆ ಕುಡಿದ. ಇನ್ನೇನು ಮಾಡುವುದು?

ಖೋಲಿ ಬಿಡಿಸಬೇಡಿ. ಮತ್ತೆ ಕುಡಿಯುವುದು ಈ ಕಾಯಿಲೆಯ ಭಾಗ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದಾಗ ಮನೆಯಿಂದ ಹಾಕುವುದಿಲ್ಲವಲ್ಲ. ಯಾವಾಗ ಆಯಿತು ನೋಡಿ. ಹೆಚ್ಚಾಗಿ ಬಟವಾಡೆಯ ಶನಿವಾರ, ಊರ ಜಾತ್ರೆ, ಮಳೆಗೆ ಕೆಲಸ ನಿಂತ ವಾರ, ಮನೆಯವರು ಫೋನ್ ಎತ್ತದ ದಿನ. ಮುಂದಿನ ಶನಿವಾರ ಬಟವಾಡೆಯ ಹೊತ್ತಿಗೆ ಒಬ್ಬರು ಜೊತೆಗಿರಿ, ಬಾಡಿಗೆ ದುಡ್ಡನ್ನು ಅಂದೇ ಖಾತೆಗೆ ಹಾಕಿಸಿ, ಊಟ ಮಾಡಿಸಿ ಕಳಿಸಿ. ಹೊಟ್ಟೆ ತುಂಬಿದಾಗ ಸೆಳೆತ ಕಡಿಮೆ.

ಎರಡು ವಾರ ಬಿಟ್ಟಿದ್ದವರು ಹಳೆಯ ಪ್ರಮಾಣದಲ್ಲೇ ಕುಡಿದರೆ ಮೈ ತಡೆಯುವುದಿಲ್ಲ, ಅಂದು ರಾತ್ರಿ ಒಬ್ಬರೇ ಮಲಗದಂತೆ ನೋಡಿ. ಒಂದೇ ದಿನ ಕುಡಿದಿದ್ದರೆ ಮರುದಿನ ಬೆಳಿಗ್ಗೆ ಹಳೆಯ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋದರೆ ಸಾಕು. ಐದಾರು ದಿನ ಬಿಡದೆ ಕುಡಿದಿದ್ದರೆ ಮತ್ತೆ ಮೊದಲಿನಂತೆ ಗಂಟೆ ಎಣಿಸುವ ಕೆಲಸ, ದಾಖಲು ಮಾಡಿಸಬೇಕಾಗಬಹುದು. ಎರಡರಲ್ಲೂ ಮಾಲೀಕರಿಗೆ ಆ ತಿಂಗಳ ಬಾಡಿಗೆ ಮುಟ್ಟಿದೆಯೇ ಎಂದು ಮೊದಲು ವಿಚಾರಿಸಿ, ಮುಟ್ಟಿರದಿದ್ದರೆ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೀಲಿ ಬದಲಾಗಿರುತ್ತದೆ.